ನಾರ್ಮಲ್ ಅಂದುಬಿಟ್ಟೆ

ಆಗಸ್ಟ್ 21, 2025, ಗುರುವಾರ, ಮಧ್ಯಾಹ್ನ 3.30

ನಿದ್ದೆ ಬರಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು, ಎರಡು ಇಡ್ಲಿ ತಿಂದು ಮಲಗಿದ್ದೆ. ಬೀದಿಯಲ್ಲಿ ಗಣಪತಿ ಪೆಂಡಾಲಿಗೆ ಗೂಟ ಹೊಡೆಯುತ್ತಿದ್ದಾರೆ, ಅದರಿಂದ ಎಚ್ಚರ ಆಯ್ತು ಅಂತ ಅಮ್ಮನಿಗೆ ಹೇಳಿದೆ. ಸುಳ್ಳು. ಗೂಟ ಹೊಡೆಯೋಕೆ ಮೊದಲೇ ಎದ್ದು ಕೂತಿದ್ದೆ.

ಆ ಜಗಳೂರು ಕಡೆಯ ಅಜ್ಜಿಯ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ಮಂಗಳವಾರ ರಾತ್ರಿ 11ರ ಹೊತ್ತಿಗೆ ಮೊದಲ ಸಲ ಲ್ಯಾಬ್ ಕಿಟಕಿಗೆ ಬಂದಿದ್ದರು. ಸ್ಯಾಂಪಲ್ ತರೋದು ಆಯಾ ಕೆಲಸ. ರಾತ್ರಿ ಇಡೀ ಮಹಡಿಗೆ ಒಬ್ಬರೇ ಆಯಾ, ಗೊತ್ತಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡು ಟ್ಯೂಬ್ ಕೊಟ್ಟರು. ಒಂದು ನೇರಳೆ ಮುಚ್ಚಳದ್ದು, ಇನ್ನೊಂದು ಕೆಂಪು. ಎಲೆಅಡಿಕೆ, ಬಸ್ಸಿನ ಚಿಲ್ಲರೆ ಕಟ್ಟಿಕೊಳ್ಳುವ ಗಂಟಿನಲ್ಲಿ ಮೊಮ್ಮಗುವಿನ ರಕ್ತ. ಟ್ಯೂಬು ಇನ್ನೂ ಬೆಚ್ಚಗಿತ್ತು.

“ಇಷ್ಟೊಂದು ತಗದ್ರೆ ಕೂಸಿನ ಮೈಯಾಗೆ ಏನು ಉಳಿತೈತವ್ವಾ?”

ಸ್ವಲ್ಪಾನೇ ಅಜ್ಜಿ, ಏನಾಗಲ್ಲ ಅಂದೆ. ಮನಸ್ಸಲ್ಲೇ ಲೆಕ್ಕ ಹಾಕಿದೆ. ಮಗು 2.1 ಕಿಲೋ. ಹುಟ್ಟಿದ ಮಗುವಿಗೆ ಕಿಲೋಗೆ 80ರಿಂದ 85 ಮಿಲಿ ರಕ್ತ. ಅಂದರೆ ಎಲ್ಲಾ ಸೇರಿ 170 ಮಿಲಿ ಆಸುಪಾಸು. ನಮ್ಮ ಮನೆಯ ಸ್ಟೀಲ್ ಲೋಟ ತುಂಬಲ್ಲ. ಅದರಲ್ಲಿ ಕೀಟಾಣು ಬೆಳೆಯುತ್ತಾ ಅಂತ ನೋಡುವ ಕಲ್ಚರ್ ಬಾಟಲಿಗೇ 1 ಮಿಲಿ ಬೇಕು. ಅಜ್ಜಿ ಕೇಳಿದ್ದು ತಪ್ಪೇನಲ್ಲ.

ಮಗು ಹುಟ್ಟಿದ್ದು ಸೋಮವಾರ ಸಂಜೆ, ದಿನ ತುಂಬುವ ಮೊದಲೇ. ನೀರು ಹೋಗಿದ್ದು ಭಾನುವಾರ ಬೆಳಗ್ಗೆ. ನೀರು ಹೋಗಿ 18 ಗಂಟೆ ದಾಟಿದರೆ ಸೋಂಕಿನ ಭಯಕ್ಕೆ ಮಕ್ಕಳ ಡಾಕ್ಟರುಗಳ ಹುಬ್ಬು ಮೇಲೇರುತ್ತೆ. ಮಂಗಳವಾರ ಸಂಜೆ ಅಜ್ಜಿಯೇ ಮೊದಲು ನೋಡಿದ್ದಂತೆ. “ಪಾದ ತಣ್ಣಗಾಗಿದ್ವು. ಮೊಲೆ ಬಾಯಿಗಿಟ್ರೂ ಚೀಪವಲ್ದು. ನಮ್ಮ ಕೂಸು ಹಿಂಗಲ್ಲ ಅಂತ ಸಿಸ್ಟರ್‌ನ ಎಬ್ಬಿಸ್ಕೊಂಡು ಬಂದೆ.” ಹುಟ್ಟಿ ಒಂದೇ ದಿನ ಆಗಿದೆ. ಆಗಲೇ “ನಮ್ಮ ಕೂಸು ಹಿಂಗಲ್ಲ.”

ಮೈಯಲ್ಲಿ ಸೋಂಕಿದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ 4 ಬಂತು. ನಮ್ಮ ಲ್ಯಾಬಿನಲ್ಲಿ 10ರೊಳಗೆ ಇದ್ದರೆ ಸರಿ. ಅಜ್ಜಿ ಕಿಟಕಿಯ ಕಂಬಿ ಹಿಡಿದುಕೊಂಡೇ ನಿಂತಿದ್ದರು. ರಿಪೋರ್ಟ್ ಬಗ್ಗೆ ನಾವು ಮನೆಯವರ ಹತ್ತಿರ ಬಾಯಿ ಬಿಡಬಾರದು. ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದ್ದೇನೆ, ನನಗೆ ಗೊತ್ತಿಲ್ವಾ? ಆದರೂ ಬಾಯಿಗೆ ಬಂದುಬಿಡ್ತು.

“ನಾರ್ಮಲ್ ಇದೆ ಅಜ್ಜಿ.”

ಅವರು ಪುಟ್ಟ ಮೊಬೈಲ್ ತೆಗೆದು ನನ್ನ ಕೈಗೇ ಕೊಟ್ಟರು. ಅಳಿಯನಿಗೆ ಹಚ್ಚಿಕೊಡು ಅಂದರು. ಅಳಿಯ ಇಲ್ಲೇ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಾನೆ. ಹಚ್ಚಿಕೊಟ್ಟೆ. “ನಾರ್ಮಲ್ ಅಂತೆ ಕಣಪ್ಪಾ, ಲ್ಯಾಬಿನ ಅಕ್ಕಾರೇ ಹೇಳಿದ್ರು” ಅಂತ ಕಾರಿಡಾರ್ ತುಂಬಾ ಕೇಳುವ ಹಾಗೆ ಕೂಗಿದರು. ಆ ಫೋನ್ ಹಚ್ಚಿದ್ದು ನಾನೇ. ಅದೇ ಈಗ ಚುಚ್ಚುತ್ತಿರೋದು.

ಅವರು ಹೋದ ಮೇಲೆ ಸ್ಲೈಡ್ ನೋಡೋಕೆ ಕೂತೆ. ಬಿಳಿ ರಕ್ತಕಣದಲ್ಲಿ ನ್ಯೂಟ್ರೋಫಿಲ್ ಅಂತ ಇರುತ್ತಲ್ಲ, ಬಲಿತಿದ್ದರೆ ಅದರ ಒಳಗಿನ ನ್ಯೂಕ್ಲಿಯಸ್ ಮೂರ್ನಾಲ್ಕು ತುಂಡಾಗಿ ಮಣಿ ಪೋಣಿಸಿದ ಹಾಗೆ ಕಾಣುತ್ತೆ. ಎಳಸಾಗಿದ್ದರೆ ತುಂಡಾಗಿರಲ್ಲ, ಕುದುರೆ ಲಾಳದ ಹಾಗೆ ಬಾಗಿರುತ್ತೆ ಅಷ್ಟೇ. ಬ್ಯಾಂಡ್ ಸೆಲ್ ಅಂತೀವಿ. ಮೈಯಲ್ಲಿ ಸೋಂಕು ಇದ್ದಾಗ ಮೂಳೆ ಮಜ್ಜೆ ಇವನ್ನೂ ಹೊರಗೆ ತಳ್ಳುತ್ತೆ. ಸುಗ್ಗಿಗೆ ಆಳು ಸಾಲದೆ ಮೀಸೆ ಮೂಡದ ಹುಡುಗರನ್ನೂ ಹೊಲಕ್ಕೆ ಅಟ್ಟಿದ ಹಾಗೆ. ನೂರು ಎಣಿಸಿದೆ. 24 ಎಳೆಯವು. ಮತ್ತೊಂದು ಕಡೆ ಸರಿಸಿ ಇನ್ನೊಂದು ನೂರು ಎಣಿಸಿದೆ. ಹೆಚ್ಚೂ ಕಮ್ಮಿ ಅಷ್ಟೇ. 0.2 ದಾಟಿದರೆ ಜಾಸ್ತಿ ಅಂತ ಲೆಕ್ಕ. ಇದು 0.24.

ನಮ್ಮ ಕಡೆ ಸೆಪ್ಸಿಸ್, ಅಂದರೆ ರಕ್ತಕ್ಕೆ ಹರಡಿದ ಸೋಂಕು ಇದೆಯಾ ಅಂತ ನೋಡೋಕೆ ಸೆಪ್ಸಿಸ್ ಸ್ಕ್ರೀನ್ ಅಂತ ಒಂದು ಪಟ್ಟಿ ಇದೆ. ಒಟ್ಟು ಬಿಳಿ ಕಣ, ನ್ಯೂಟ್ರೋಫಿಲ್ ಲೆಕ್ಕ, ಈ ಎಳೆಯವುಗಳ ಪಾಲು, ರಕ್ತಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತೆ ಅಂತ ನೋಡುವ ಮೈಕ್ರೋ ಇಎಸ್ಆರ್, ಸಿಆರ್‌ಪಿ. ಎರಡು ಕೆಟ್ಟಿದ್ದರೆ ಪಾಸಿಟಿವ್. ಈ ಮಗುವಿಗೆ ಕೆಟ್ಟಿದ್ದು ಒಂದೇ. ಕಾಗದದ ಪ್ರಕಾರ ಸ್ಕ್ರೀನ್ ನೆಗೆಟಿವ್. ನಾನು ಸುಳ್ಳು ಹೇಳಿರಲಿಲ್ಲ ಅಂತ ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ. ಡಾಕ್ಟರ್ ಮಾತ್ರ ಆ್ಯಂಟಿಬಯಾಟಿಕ್ ನಿಲ್ಲಿಸಲಿಲ್ಲ. ತಣ್ಣನೆ ಪಾದ, ಹಾಲು ಚೀಪದ ಬಾಯಿ, ಹೋದ ನೀರು, ಅವರಿಗೆ ಅಷ್ಟು ಸಾಕಾಗಿತ್ತು.

ಬುಧವಾರ ಬೆಳಗ್ಗೆ ಇನ್ನೊಂದು ಫಜೀತಿ. ಅಳಿಯ ರಿಪೋರ್ಟಿನ ಫೋಟೋ ಯಾರಿಗೋ ಕಳಿಸಿದ್ದಾನೆ. ಅವರು ಮೊಬೈಲಿನಲ್ಲಿ ಹುಡುಕಿ, 1ರೊಳಗೆ ಇರಬೇಕು, ಇದು ನಾಲ್ಕು ಪಟ್ಟು ಅಂದಿದ್ದಾರೆ. ಪಾಪ, ಓಡಿ ಬಂದಿದ್ದ. ಡೆಸಿಲೀಟರಿಗೆ 1 ಮಿಲಿಗ್ರಾಂ ಅಂದರೂ ಲೀಟರಿಗೆ 10 ಅಂದರೂ ಒಂದೇ. ಒಂದೊಂದು ಲ್ಯಾಬು ಒಂದೊಂದು ಥರ ಬರೆಯುತ್ತೆ. ಪೇಪರಿನ ಹಿಂದೆ ಗೀಟು ಹಾಕಿ ತೋರಿಸಿದೆ. ಅವನಿಗೆ ಸಮಾಧಾನ ಆಯ್ತು. ಎರಡನೇ ಸಲ ಸಮಾಧಾನ ಮಾಡಿದ್ದೂ ನಾನೇ!

ನಿನ್ನೆ ರಾತ್ರಿ ಎರಡನೇ ಸಿಆರ್‌ಪಿ. 38.

ಅಜ್ಜಿಗೆ ಓದು ಬರಲ್ಲ. ಆದರೆ ನನ್ನ ಮುಖ ಓದಿದರು. ಡಾಕ್ಟರ್ ಹೇಳ್ತಾರೆ ಅಜ್ಜಿ ಅಂದೆ. ಡಾಕ್ಟರ್ ಹೇಳಿದ ಮೇಲೆ ಮತ್ತೆ ಕಿಟಕಿಗೇ ಬಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರ ಆಗ್ತಿತ್ತು.

“ನೀನೇ ನಾರ್ಮಲ್ ಅಂದಿದ್ದೆಲ್ಲವ್ವಾ. ಒಂದು ದಿನದಾಗೆ ಹೆಂಗೆ ಕೆಟ್ಟೋತು?”

ಸ್ಟೂಲ್ ಎಳೆದು ಹೊರಗೆ ಅವರ ಪಕ್ಕ ಕೂತೆ. ಒಂದು ದಿನದಲ್ಲಿ ಕೆಟ್ಟಿದ್ದಲ್ಲ ಅಜ್ಜಿ, ಆ ಟೆಸ್ಟು ನೋಡೋದು ಕೀಟಾಣುವನ್ನಲ್ಲ. ಕೀಟಾಣು ಬಂದಿದೆ ಅಂತ ಮೈಗೆ ಗೊತ್ತಾದ ಮೇಲೆ ಲಿವರ್ ಒಂದು ಪದಾರ್ಥ ಮಾಡುತ್ತೆ, ಅದು ಎಷ್ಟಿದೆ ಅಂತ ನೋಡೋದು. ಅದು ಕಣ್ಣಿಗೆ ಬೀಳುವಷ್ಟು ಆಗೋಕೆ ಹತ್ತು ಹನ್ನೆರಡು ಗಂಟೆ ಬೇಕು. ಪೂರ್ತಿ ಏರೋಕೆ ಒಂದೂವರೆ ಎರಡು ದಿನ. ಅದಕ್ಕೇ ಎರಡು ಸಲ ತೆಗೆಯೋದು. ಎರಡೂ ಸಲ ಕಡಿಮೆ ಬಂದರೆ ಧೈರ್ಯವಾಗಿ ಔಷಧಿ ನಿಲ್ಲಿಸಬಹುದು. ಒಂದೇ ಸಲ ಕಡಿಮೆ ಬಂದರೆ ಏನೂ ಹೇಳೋಕಾಗಲ್ಲ. ಹೆರಿಗೆ ಕಷ್ಟವಾಗಿದ್ದರೂ ಇದು ಏರಬಹುದು. ಇಷ್ಟು ಹೇಳಿದೆ.

ಅಜ್ಜಿ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು, “ಹೆಪ್ಪಾಕಿದ ಗಳಿಗೇಲೇ ಮುಚ್ಚಳ ತಗದು ನೋಡಿ, ಮೊಸರಾಗಿಲ್ಲ ಅಂದಂಗಾತು.”

ಹೂಂ ಅಜ್ಜಿ.

“ಅದನ್ನ ನಿನ್ನೇನೇ ಹೇಳಬಾರದಿತ್ತೇನವ್ವಾ?”

ಏನು ಹೇಳಲಿ? ಒಳಗೆ ಮೆಷಿನ್ ಕುಂಯ್ ಅನ್ನುತ್ತಿತ್ತು, ಎದ್ದು ಹೋದೆ. ತುರ್ತೇನೂ ಇರಲಿಲ್ಲ, ಪೇಪರ್ ಖಾಲಿಯಾಗಿತ್ತು.

ನಮ್ಮ ಮಕ್ಕಳ ಡಾಕ್ಟರ್ ಒಬ್ಬರಿಗೆ ಪ್ರೊಕ್ಯಾಲ್ಸಿಟೋನಿನ್ ಅನ್ನೋ ಇನ್ನೊಂದು ಸೋಂಕಿನ ಟೆಸ್ಟಿನ ಹುಚ್ಚು. ಸಿಆರ್‌ಪಿಗಿಂತ ಬೇಗ ಏರುತ್ತೆ, ಎರಡರಿಂದ ನಾಲ್ಕು ಗಂಟೆಯಲ್ಲೇ ಶುರು. ಆದರೆ ಹುಟ್ಟಿದ ಮೊದಲ ಎರಡು ದಿನ ಆರೋಗ್ಯವಾಗಿರೋ ಮಕ್ಕಳಲ್ಲೂ ಅದು ತಾನಾಗಿಯೇ ಏರಿ ಇಳಿಯುತ್ತೆ. ಮಗು ಹುಟ್ಟಿ ಎಷ್ಟು ಗಂಟೆ ಆಯ್ತು ಅಂತ ನೋಡಿಕೊಂಡೇ ಆ ನಂಬರ್ ಓದಬೇಕು. ದೊಡ್ಡವರ ಲೆಕ್ಕದಲ್ಲಿ ಓದಿದರೆ ಎಲ್ಲಾ ಕೂಸುಗಳೂ ಕಾಯಿಲೆಯವೇ. ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಕೆನಡಾ, ಜೆಕ್ ದೇಶಗಳಲ್ಲಿ ಇದನ್ನ ನೋಡಿಕೊಂಡು ಆ್ಯಂಟಿಬಯಾಟಿಕ್ ನಿಲ್ಲಿಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಔಷಧಿಯ ಅವಧಿ 65 ಗಂಟೆಯಿಂದ 55ಕ್ಕೆ ಇಳಿದಿತ್ತು. ಹತ್ತು ಗಂಟೆಗೆ ಇಷ್ಟು ಸಂಭ್ರಮಾನಾ ಅಂತ ಆಗ ನಕ್ಕಿದ್ದೆ. ಎನ್ಐಸಿಯು, ಅಂದರೆ ಎಳೆಗೂಸುಗಳ ಐಸಿಯು ಬಾಗಿಲ ಹೊರಗೆ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತವರಿಗೆ ಹತ್ತು ಗಂಟೆ ಅಂದರೆ ಎಷ್ಟು ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ. ನಮ್ಮಲ್ಲಿ ಆ ಟೆಸ್ಟು ರಾತ್ರಿ ಮಾಡೋದೂ ಇಲ್ಲ, ಬಿಡಿ.

ಈಗ ಎಲ್ಲರೂ ಕಾಯ್ತಿರೋದು ಬಾಟಲಿಗೆ. ಕಲ್ಚರ್ ಬಾಟಲಿ ಮಂಗಳವಾರ ರಾತ್ರಿ ನಾನೇ ಮೆಷಿನ್ನಿಗೆ ಹಾಕಿದ್ದು. ಕೀಟಾಣು ಬೆಳೆದರೆ ಇಂಗಾಲದ ಡೈ ಆಕ್ಸೈಡ್ ಬಿಡುತ್ತೆ, ಮೆಷಿನ್ ಹತ್ತು ನಿಮಿಷಕ್ಕೊಮ್ಮೆ ಅದನ್ನ ನೋಡುತ್ತೆ. ಬೆಳಗ್ಗೆ ಹೊರಡುವಾಗ ಹಸಿರು ದೀಪವೇ ಇತ್ತು. ಏನೂ ಬೆಳೆದಿಲ್ಲ ಅಂತ ಅರ್ಥ. ಕೂಸಿಗೆ ಏನೂ ಇಲ್ಲ ಅಂತ ಅರ್ಥ ಅಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಎನ್ಐಸಿಯು ಸೇರಿದ 13,530 ಮಕ್ಕಳನ್ನ ಗಮನಿಸಿದ್ದರು. ಸೆಪ್ಸಿಸ್ ಅಂತ ಆಗಿದ್ದು ನೂರಕ್ಕೆ 14 ಮಕ್ಕಳಿಗೆ. ಬಾಟಲಿಯಲ್ಲಿ ಬೆಳೆದದ್ದು ನೂರಕ್ಕೆ ಆರು ಮಕ್ಕಳದ್ದು ಮಾತ್ರ. ಬೆಳೆದವುಗಳಲ್ಲೂ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಜಾಸ್ತಿ, ಸುಲಭಕ್ಕೆ ಔಷಧಿಗೆ ಬಗ್ಗದ ಜಾತಿ. ಅದನ್ನ ನೆನೆಸಿಕೊಂಡರೆ ಹಸಿರು ದೀಪ ನೋಡಿ ಖುಷಿಯೂ ಆಗುತ್ತೆ, ಆಗದೆಯೂ ಇರುತ್ತೆ.

ಅಮ್ಮ ಚಹಾ ತಂದಿಟ್ಟು ಹೋದರು. ಕೆನೆ ಕಟ್ಟಿದೆ. ಹೊರಗೆ ಗೂಟದವರು ಊಟಕ್ಕೆ ಹೋದ ಹಾಗಿದೆ, ಸದ್ದಿಲ್ಲ.

ಮಧ್ಯಾಹ್ನ ಸಿಸ್ಟರ್‌ಗೆ ಮೆಸೇಜ್ ಹಾಕಿದ್ದೆ. ಫೀಡ್ ಶುರು ಮಾಡಿದ್ದಾರಂತೆ, ಟ್ಯೂಬಿನಲ್ಲಿ, ಎರಡು ಗಂಟೆಗೊಮ್ಮೆ 5 ಮಿಲಿ. ಅಜ್ಜಿ ಒಳಗೆ ಹೋಗಿ ಪಾದ ಮುಟ್ಟಿ ನೋಡಿ ಬಂದರಂತೆ. ಬೆಚ್ಚಗಿತ್ತಾ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ. ಎರಡು ಟಿಕ್ ನೀಲಿ ಆಗಿವೆ.

8ಕ್ಕೆ ಡ್ಯೂಟಿ. ರಾತ್ರಿ 11ಕ್ಕೆ ಬಾಟಲಿಗೆ 48 ಗಂಟೆ ತುಂಬುತ್ತೆ. ಅದೇ ಹೊತ್ತಿಗೆ ಮೂರನೇ ಸಿಆರ್‌ಪಿ. ಔಷಧಿ ಹಿಡಿದಿದ್ದರೆ ಇಳಿಮುಖ ಇರಬೇಕು. ಇಳಿದಿದ್ದರೂ ಈ ಸಲ ನಾನಂತೂ ಬಾಯಿ ಬಿಡಲ್ಲ. ಆಯಾಗೆ ಹೇಳಿ ಸ್ಯಾಂಪಲ್ ತರಿಸಿಕೊಳ್ಳಬೇಕು. ಅಜ್ಜಿಯೇ ಸೆರಗಿನ ಗಂಟು ಬಿಚ್ಚಿಕೊಂಡು ಬಂದು ನಿಂತರೆ