ಹುಬ್ಬಿನ ಮೇಲಿನ ಕಲೆ

ಆರು ವರ್ಷದ ಮಗಳ ಬಲಗೈಯಿಂದ ಬಣ್ಣದ ಪೆನ್ಸಿಲ್ ಮೂರು ಸಲ ಬಿತ್ತು. ಮೂರನೇ ಸಲ ನಾನು ಗದರಿದೆ. ಆ ಗದರಿಕೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅವಳು ತಲೆ ಎತ್ತಿದಾಗ ಬಾಯಿಯ ಒಂದು ಬದಿ ಜೋತುಬಿದ್ದಿತ್ತು.

ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. "ಮಕ್ಕಳಿಗೆಲ್ಲಿ ಸ್ಟ್ರೋಕು, ಕೈ ಮಡಚಿ ಮಲಗಿರಬೇಕು" ಅಂದರು ಮೊದಲು ನೋಡಿದ ಡಾಕ್ಟರು. ನಮಗೂ ಹಾಗೇ ನಂಬೋದು ಬೇಕಿತ್ತು. ಮೊದಲ ಗಂಟೆಗಳಲ್ಲಿ ಸಿ.ಟಿ. ಸರಿಯಾಗಿದೆ ಅಂದಮಾತ್ರಕ್ಕೆ ಸ್ಟ್ರೋಕ್ ಇಲ್ಲ ಅನ್ನುವಂತಿಲ್ಲ ಅಂತ ಆಮೇಲೆ ಗೊತ್ತಾಯಿತು. ಎಂ.ಆರ್.ಐ. ಆಗುವ ಹೊತ್ತಿಗೆ ಒಂದು ರಾತ್ರಿ ಕಳೆದಿತ್ತು.

ಮಕ್ಕಳ ನರರೋಗ ತಜ್ಞೆ ರಕ್ತನಾಳಗಳ ಚಿತ್ರ ತೋರಿಸಿದರು. ಮೆದುಳಿನ ಎಡಭಾಗಕ್ಕೆ ಹೋಗುವ ಅಪಧಮನಿ ಒಂದು ಕಡೆ ಅಂಕುಡೊಂಕಾಗಿ ಕಿರಿದಾಗಿತ್ತು. ಕೊಲೆಸ್ಟರಾಲ್, ಬಿ.ಪಿ. ಯಾವುದನ್ನೂ ಅವರು ಕೇಳಲಿಲ್ಲ. ಕೇಳಿದ್ದು, "ಒಂದು ವರ್ಷದೊಳಗೆ ಚಿಕನ್‌ಪಾಕ್ಸ್ ಬಂದಿತ್ತಾ?"

ಬಂದಿತ್ತು. ಐದು ತಿಂಗಳ ಹಿಂದೆ. ಹುಬ್ಬಿನ ಮೇಲೆ ಕೆರೆದುಕೊಂಡ ಕಲೆ ಇನ್ನೂ ಇತ್ತು, ನಾವು ಮರೆತೇಬಿಟ್ಟಿದ್ದೆವು. ಚರ್ಮ ವಾಸಿಯಾದರೂ ವೈರಸ್ ನರಗಳಲ್ಲಿ ಅವಿತುಕೊಳ್ಳುತ್ತದಂತೆ. ಅಪರೂಪಕ್ಕೆ ಅಲ್ಲಿಂದ ಮೆದುಳಿನ ರಕ್ತನಾಳದ ಗೋಡೆಗೆ ಇಳಿದು ಅದನ್ನು ಊದಿಸುತ್ತದೆ. ಕಿರಿದಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಪಕ್ಕದ ಹಾಸಿಗೆಯ ಹುಡುಗನದು ಬೇರೆ ಕಥೆ, ಮೋಯಮೋಯ ಅನ್ನುವ ಕಾಯಿಲೆ. ಜಪಾನಿ ಭಾಷೆಯಲ್ಲಿ ಹೊಗೆಯ ಹಾಗೆ ಮಸುಕು ಅಂತ ಅರ್ಥ. ಮುಖ್ಯ ನಾಳಗಳು ಮುಚ್ಚುತ್ತಾ ಹೋದಂತೆ ಹುಟ್ಟುವ ಸಣ್ಣ ನಾಳಗಳ ಗೊಂಚಲು ಚಿತ್ರದಲ್ಲಿ ಹಾಗೆ ಕಾಣುತ್ತದೆ. ಜೋರಾಗಿ ಅತ್ತರೂ ಅವನ ಕೈ ಸೋಲುತ್ತಿತ್ತು. ಅವನಮ್ಮ ಅವನನ್ನು ಅಳಿಸದೆ ಸಾಕುತ್ತಿದ್ದಳು, ಊಹಿಸಿ.

ನಮಗೆ ಸಿಕ್ಕಿದ್ದು ದಿನಕ್ಕೊಂದು ಚೂರು ಆಸ್ಪಿರಿನ್. ಮಕ್ಕಳಿಗೆ ಕೊಡಲೇಬಾರದು ಅಂತ ಕೇಳಿಕೊಂಡು ಬಂದ ಮಾತ್ರೆ ಅದು. ಅದನ್ನು ತಿನ್ನುವ ಮಕ್ಕಳಿಗೆ ಫ್ಲೂ ಬಂದರೆ ಅಪಾಯ, ತಕ್ಷಣ ಫೋನ್ ಮಾಡಿ ಅಂದರು, ಪ್ರತಿ ವರ್ಷ ಫ್ಲೂ ಲಸಿಕೆಯನ್ನೂ ಹಾಕಿಸಿ ಅಂದರು. ಮೊದಲ ಕೆಲವು ತಿಂಗಳು ನಾಳ ಇನ್ನಷ್ಟು ಕಿರಿದಾಗಬಹುದಿತ್ತು. ರಾತ್ರಿ ಅವಳನ್ನು ಎಬ್ಬಿಸಿ, ಎರಡೂ ಕೈಯಲ್ಲಿ ನನ್ನ ಬೆರಳು ಹಿಚುಕಿಸುತ್ತಿದ್ದೆ. ಬೈದುಕೊಂಡೇ ಹಿಚುಕುತ್ತಿದ್ದಳು.

ಆರು ತಿಂಗಳ ಸ್ಕ್ಯಾನ್‌ನಲ್ಲಿ ನಾಳ ಹೆಚ್ಚು ಕೆಟ್ಟಿರಲಿಲ್ಲ. ಫಿಜಿಯೋದವರು ಅವಳ ಸರಿಯಿದ್ದ ಎಡಗೈಗೆ ಪ್ಲಾಸ್ಟರ್ ಹಾಕಿದರು, ಬಲಗೈ ಸೋಮಾರಿಯಾಗದಿರಲಿ ಅಂತ. ಅದು ಬಿಚ್ಚಿ ಮೂರು ವಾರವಾಯಿತು. ಈಗ ನಾನು ನೋಡುತ್ತಿದ್ದರೆ ಬಲಗೈಯಲ್ಲಿ ಪೆನ್ಸಿಲ್ ಹಿಡಿಯುತ್ತಾಳೆ. ಅತ್ತ ತಿರುಗಿದ ಕೂಡಲೇ ಎಡಗೈಗೆ ದಾಟಿಸುತ್ತಾಳೆ. ಗದರಲ್ಲ.