ಆದ, ಆಗಿ ಗೊತ್ತಿದ್ದವರಿಗೆ ಅಡ್ಜೆಕ್ಟಿವ್, ಅಡ್ವರ್ಬ್

ಅಡ್ಜೆಕ್ಟಿವ್ ಅಂದರೆ ಹೆಸರಿನ ಗುಣ ಹೇಳುವ ಪದ, ಅಡ್ವರ್ಬ್ ಅಂದರೆ ಕೆಲಸ ನಡೆದ ರೀತಿ ಹೇಳುವ ಪದ. ಅಡ್ಜೆಕ್ಟಿವ್ ಕೊನೆಗೆ ‘ಲಿ’ ಸೇರಿಸಿದರೆ ಅಡ್ವರ್ಬ್ ಆಯಿತು ಅಂತ ಇಂಗ್ಲಿಷ್ ಕಲಿಸುವವರು ಹೇಳುತ್ತಾರೆ. ಸ್ಲೋ ಹೋಗಿ ಸ್ಲೋಲಿ, ಕ್ವಿಕ್ ಹೋಗಿ ಕ್ವಿಕ್ಲಿ. ಸುಳ್ಳಲ್ಲ. ಆದರೆ ಇದೊಂದನ್ನೇ ನೆಚ್ಚಿಕೊಂಡು ಮಾತಿಗೆ ಇಳಿದರೆ ಬೇಗನೆ ಎಡವುತ್ತೇವೆ, ಯಾಕಂದ್ರೆ ಪದ ಮಾಡುವುದು ಹೇಗೆ ಅಂತ ಈ ಸೂತ್ರ ಹೇಳುತ್ತದೆಯೇ ಹೊರತು, ಅದನ್ನು ಯಾವಾಗ ಬಳಸಬೇಕು ಅಂತ ಹೇಳುವುದಿಲ್ಲ.

ಯಾವಾಗ ಅನ್ನುವುದಕ್ಕೆ ಉತ್ತರ ನಮ್ಮ ಬಾಯಲ್ಲೇ ಇದೆ. ‘ವೇಗವಾದ ಓಟ’ ಅಂತೀವಿ, ‘ವೇಗವಾಗಿ ಓಡಿದ’ ಅಂತೀವಿ. ಯಾರೂ ‘ವೇಗವಾದ ಓಡಿದ’ ಅನ್ನುವುದಿಲ್ಲ. ‘ಆದ’ ಬಂತೋ, ಮುಂದೆ ಒಂದು ಹೆಸರು ಬರಬೇಕು. ‘ಆಗಿ’ ಬಂತೋ, ಮುಂದೆ ಒಂದು ಕೆಲಸ ಬರಬೇಕು. ಎರಡೂ ‘ಆಗು’ ಅನ್ನುವ ಒಂದೇ ಕ್ರಿಯಾಪದದಿಂದ ಬಂದವು, ಆದರೂ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ತಪ್ಪಿಯೂ ಇಡುವುದಿಲ್ಲ. ಇಷ್ಟು ಗಟ್ಟಿಯಾದ ತಿಳಿವಳಿಕೆ ಇರುವವರಿಗೆ ವ್ಯಾಕರಣದ ವ್ಯಾಖ್ಯೆ ಬಾಯಿಪಾಠ ಮಾಡಿಸಿ ಹೆದರಿಸುವುದು ಯಾಕೆ ಅಂತ ನನಗೆ ನಿಜಕ್ಕೂ ಬೇಸರವಾಗುತ್ತದೆ. ‘ಕೇರ್‌ಫುಲ್ ಡ್ರೈವರ್’ ಅಂದರೆ ಎಚ್ಚರಿಕೆಯ ಚಾಲಕ, ‘ಡ್ರೈವ್ಸ್ ಕೇರ್‌ಫುಲಿ’ ಅಂದರೆ ಎಚ್ಚರಿಕೆಯಾಗಿ ಓಡಿಸುತ್ತಾನೆ. ಅಷ್ಟೇ. ಅರ್ಧ ಪಾಠ ಮುಗೀತು.

ಇನ್ನರ್ಧ ಎಲ್ಲಿದೆ ಅಂದ್ರೆ, ಎರಡು ಭಾಷೆಗಳ ದಾರಿ ಬೇರೆಯಾಗುವ ಜಾಗದಲ್ಲಿ. ಕನ್ನಡದಲ್ಲಿ ‘ಹಾಡು ಇಂಪಾಗಿದೆ’, ‘ಅವಳು ಸಂತೋಷವಾಗಿದ್ದಾಳೆ’ ಅಂತ ‘ಇದೆ’ಗೂ ನಾವು ‘ಆಗಿ’ಯನ್ನೇ ಕಟ್ಟುತ್ತೇವೆ. ಅದನ್ನು ಹಾಗೇ ಇಂಗ್ಲಿಷಿಗೆ ತಂದರೆ ‘ಶಿ ಈಸ್ ಹ್ಯಾಪಿಲಿ’ ಆಗುತ್ತದೆ. ಅದು ನಡೆಯುವುದಿಲ್ಲ. ‘ಶಿ ಈಸ್ ಹ್ಯಾಪಿ’ ಅಂತಲೇ ಬೇಕು. ಇಲ್ಲಿ ಹ್ಯಾಪಿ ಅನ್ನುವುದು ಅವಳ ಬಗ್ಗೆ ಹೇಳಿದ ಮಾತು, ಅವಳು ಮಾಡಿದ ಕೆಲಸದ ಬಗ್ಗೆ ಅಲ್ಲ. ಕೆಲಸವೇ ಇಲ್ಲವಲ್ಲ, ಸುಮ್ನೆ ಇದ್ದಾಳೆ.

ಈ ‘ಈಸ್’ ಜೊತೆ ಇನ್ನೊಂದಷ್ಟು ಕ್ರಿಯಾಪದಗಳು ನಿಲ್ಲುತ್ತವೆ. ಲುಕ್, ಫೀಲ್, ಸೌಂಡ್, ಸ್ಮೆಲ್, ಟೇಸ್ಟ್, ಸೀಮ್, ಬಿಕಮ್. ಇವುಗಳಲ್ಲಿ ಕೆಲವಕ್ಕೆ ಎರಡು ಮುಖ ಇರುವುದರಿಂದ ಜನ ಇಲ್ಲೇ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ‘ಹಿ ಲುಕ್ಡ್ ಆಂಗ್ರಿ’ ಸರಿ, ‘ಹಿ ಲುಕ್ಡ್ ಆಂಗ್ರಿಲಿ ಅಟ್ ಮಿ’ ಕೂಡ ಸರಿ. ಅದೇ ಲುಕ್, ಒಂದು ಕಡೆ ಲಿ ಇದೆ, ಒಂದು ಕಡೆ ಇಲ್ಲ. ಈಗ ಇವೆರಡನ್ನೂ ಕನ್ನಡದಲ್ಲಿ ಹೇಳಿ ನೋಡಿ. ಮೊದಲನೆಯದು ‘ಅವನು ಸಿಟ್ಟಾದವನ ಹಾಗೆ ಕಂಡ’. ಎರಡನೆಯದು ‘ಅವನು ನನ್ನನ್ನು ಸಿಟ್ಟಿನಿಂದ ನೋಡಿದ’. ಇಂಗ್ಲಿಷ್ ಒಂದೇ ಪದದಲ್ಲಿ ಬಚ್ಚಿಟ್ಟದ್ದನ್ನು ಕನ್ನಡ ಕಾಣು, ನೋಡು ಅಂತ ಬಿಡಿಸಿ ಇಟ್ಟಿದೆ! ಕಾಣು ಬಂದರೆ ಅಡ್ಜೆಕ್ಟಿವ್, ನೋಡು ಬಂದರೆ ಅಡ್ವರ್ಬ್. ಟೇಸ್ಟ್ ತಗೊಳ್ಳಿ. ಸೂಪ್ ‘ರುಚಿಯಾಗಿದೆ’ ಅಂದರೆ ‘ಟೇಸ್ಟ್ಸ್ ಗುಡ್’. ಸೂಪನ್ನು ಹುಷಾರಾಗಿ ‘ರುಚಿ ನೋಡಿದಳು’ ಅಂದರೆ ‘ಟೇಸ್ಟೆಡ್ ಇಟ್ ಕೇರ್‌ಫುಲಿ’. ಸ್ಮೆಲ್ ಕೂಡ ಹಾಗೇ, ‘ವಾಸನೆ ಬರುವುದು’ ಬೇರೆ, ‘ಮೂಸಿ ನೋಡುವುದು’ ಬೇರೆ. ಇರು, ಕಾಣು, ಬರು, ಅನ್ನಿಸು ಇವೆಲ್ಲ ತಾವಾಗಿ ಆಗುವಂಥವು. ನೋಡು ಅನ್ನುವುದು ಯಾರೋ ಬೇಕಂತ ಮಾಡುವಂಥದ್ದು. ಈ ಒಂದು ಗುರುತು ಮನಸ್ಸಿನಲ್ಲಿ ಇಟ್ಟುಕೊಂಡರೆ ‘ಐ ಫೀಲ್ ಬ್ಯಾಡ್’ ಅನ್ನಬೇಕೋ ‘ಬ್ಯಾಡ್ಲಿ’ ಅನ್ನಬೇಕೋ ಅನ್ನುವ ಪ್ರಶ್ನೆಯೂ ಬಗೆಹರಿಯುತ್ತದೆ. ನನಗೆ ಬೇಜಾರು ‘ಅನ್ನಿಸಿದೆ’, ಹಾಗಾಗಿ ಬ್ಯಾಡ್. ಇಂಗ್ಲಿಷ್ ಮನೆಮಾತಿನವರಲ್ಲೂ ಕೆಲವರು ಇಲ್ಲಿ ಬ್ಯಾಡ್ಲಿ ಅಂತಾರೆ, ಅದು ಬೇರೆ ವಿಷಯ.

ಇನ್ನು ‘ಲಿ’ ವಿಚಾರ. ಫ್ರೆಂಡ್ಲಿ, ಲವ್ಲಿ, ಲೋನ್ಲಿ ಇವಕ್ಕೆಲ್ಲ ಲಿ ಇದ್ದರೂ ಅಡ್ಜೆಕ್ಟಿವ್. ಫಾಸ್ಟ್, ಹಾರ್ಡ್ ಲಿ ಇಲ್ಲದೆಯೇ ಅಡ್ವರ್ಬ್ ಕೆಲಸ ಮಾಡುತ್ತವೆ. ‘ಎಕ್ಸೆಪ್ಷನ್, ಬಾಯಿಪಾಠ ಮಾಡಿ’ ಅಂತ ಹೇಳಿ ಮುಂದೆ ಹೋಗುವುದು ವಾಡಿಕೆ, ಆದರೆ ಇದಕ್ಕೆ ಕಾರಣ ಇದೆ, ಅದು ಚೆನ್ನಾಗಿಯೂ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಲೀಚ್’ ಅನ್ನುವ ಪ್ರತ್ಯಯ ಸೇರಿಸಿ ಅಡ್ಜೆಕ್ಟಿವ್ ಮಾಡುತ್ತಿದ್ದರು. ಸ್ನೇಹಿತನ ರೀತಿಯವನು ಅಂತ ಹೇಳಬೇಕಾದರೆ ಫ್ರೆಂಡ್ ಪದಕ್ಕೆ ಲೀಚ್. ಅಡ್ವರ್ಬ್ ಬೇಕಾದರೆ ಕೊನೆಗೆ ಒಂದು ‘ಎ’ ಸ್ವರ ಸೇರಿಸುತ್ತಿದ್ದರು. ಹಾಗೆ ಲೀಚ್ ಇದ್ದದ್ದು ‘ಲೀಚೆ’ ಆಗುತ್ತಿತ್ತು. ಹಾರ್ಡ್, ಫಾಸ್ಟ್ ತರಹದ ಪದಗಳಿಗೆ ಬರೀ ‘ಎ’ ಸಾಕಿತ್ತು. ಮುಂದಿನ ಶತಮಾನಗಳಲ್ಲಿ ಕೊನೆಯ ಆ ‘ಎ’ ಜನರ ಬಾಯಲ್ಲಿ ಸವೆದುಹೋಯಿತು. ಲೀಚ್, ಲೀಚೆ ಎರಡೂ ‘ಲಿ’ ಆದವು. ಹಾರ್ಡ್ ಅನ್ನುವ ಗುಣ ಮತ್ತು ಹಾರ್ಡ್ ಅನ್ನುವ ರೀತಿ ಒಂದೇ ರೂಪಕ್ಕೆ ಬಂದವು. ಅಂದರೆ ಫ್ರೆಂಡ್ಲಿಯೂ ಹಾರ್ಡೂ ನಿಯಮ ಮುರಿದ ಪದಗಳಲ್ಲ, ಇವತ್ತಿನ ನಿಯಮಕ್ಕಿಂತ ಹಳೆಯ ನಿಯಮವನ್ನು ಉಳಿಸಿಕೊಂಡ ಪದಗಳು. ಆಪಲ್ ಕಂಪನಿ 1997ರಲ್ಲಿ ‘ಥಿಂಕ್ ಡಿಫರೆಂಟ್’ ಅಂತ ಜಾಹೀರಾತು ಮಾಡಿದಾಗ ಡಿಫರೆಂಟ್ಲಿ ಆಗಬೇಕಿತ್ತು ಅಂತ ತಕರಾರು ಬಂದಿತ್ತು. ಲಿ ಇಲ್ಲದ ಅಡ್ವರ್ಬ್ ಇಂಗ್ಲಿಷಿಗೆ ಹೊಸದೇನಲ್ಲ ಅನ್ನುವುದು ಗೊತ್ತಿದ್ದರೆ ಅಂಥ ತಕರಾರಿಗೆ ಅಷ್ಟು ಬಲ ಇರುವುದಿಲ್ಲ.

ಒಂದೇ ಎಚ್ಚರಿಕೆ. ಹಾರ್ಡ್ ಜೊತೆಗೆ ಹಾರ್ಡ್ಲಿ ಕೂಡ ಇದೆ, ಅದರ ಅರ್ಥ ಕಾಲಕ್ರಮೇಣ ಪೂರ್ತಿ ಬೇರೆ ಕಡೆ ಹೋಗಿಬಿಟ್ಟಿದೆ. ‘ಹಿ ವರ್ಕ್ಸ್ ಹಾರ್ಡ್’ ಅಂದರೆ ಮೈಮುರಿದು ದುಡಿಯುತ್ತಾನೆ, ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸವನ್ನೇ ಮಾಡಲ್ಲ ಅನ್ನುವಷ್ಟು ಕಡಿಮೆ. ಕೆಲಸದ ಅರ್ಜಿಯಲ್ಲಿ ಇವು ಅದಲು ಬದಲಾದರೆ ಏನಾಗಬಹುದು ಯೋಚಿಸಿ. ಲೇಟ್, ಲೇಟ್ಲಿ ಕೂಡ ಹಾಗೇ, ತಡವಾಗಿ ಮತ್ತು ಇತ್ತೀಚೆಗೆ.

ಜಾಗದ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ನಾವು ‘ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ’ ಅಂತ ಚೆನ್ನಾಗಿಯನ್ನು ಕ್ರಿಯಾಪದಕ್ಕೆ ಅಂಟಿಸುತ್ತೇವೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಪದಕ್ಕೂ ಮಧ್ಯೆ ಅಡ್ವರ್ಬ್ ತೂರಿಸಬಾರದು, ಹಾಗಾಗಿ ‘ಸ್ಪೀಕ್ಸ್ ಇಂಗ್ಲಿಷ್ ವೆಲ್’. ‘ಬೇಗ ಬೇಗ’, ‘ದೊಡ್ಡ ದೊಡ್ಡ’ ಅಂತ ಎರಡೆರಡು ಸಲ ಹೇಳುವ ನಮ್ಮ ಚಂದದ ಅಭ್ಯಾಸವನ್ನು ಅಲ್ಲಿಗೆ ಒಯ್ಯುವ ಹಾಗಿಲ್ಲ. ಹೋಲಿಕೆ ಮಾಡುವಾಗ ನಾವು ‘ಅವನಿಗಿಂತ ಎತ್ತರ’ ಅಂತೀವಿ, ಎತ್ತರ ಎತ್ತರವಾಗೇ ಇರುತ್ತದೆ. ಅಲ್ಲಿ ಆ ಪದವೇ ಟಾಲರ್ ಅಂತ ಬದಲಾಗುತ್ತದೆ, ಅದರ ಮೇಲೆ ಇನ್ನೊಂದು ‘ಮೋರ್’ ಬೇಡ.

ಆದರೆ ನನಗೆ ತುಂಬಾ ಇಷ್ಟವಾದ ಭಾಗ ವ್ಯಾಕರಣದ ಪುಸ್ತಕಗಳಲ್ಲಿ ಅಡ್ವರ್ಬ್ ಪಾಠದ ಒಳಗೆ ಸಿಗುವುದೇ ಇಲ್ಲ. ಗಟಗಟ ಕುಡಿದ, ಗಬಗಬ ತಿಂದ, ಬಿಕ್ಕಿ ಬಿಕ್ಕಿ ಅತ್ತ, ದಿಟ್ಟಿಸಿ ನೋಡಿದ, ಇಣುಕಿ ನೋಡಿದ, ಕುಂಟುತ್ತಾ ನಡೆದ. ಕನ್ನಡದಲ್ಲಿ ಕೆಲಸ ಹೇಗೆ ನಡೆಯಿತು ಅನ್ನುವುದು ಕ್ರಿಯಾಪದದ ಮುಂಚೆ ಬಂದು ಕೂತುಕೊಳ್ಳುತ್ತದೆ. ಇವಕ್ಕೆ ಇಂಗ್ಲಿಷಿನಲ್ಲಿ ಅಡ್ವರ್ಬ್ ಹುಡುಕುತ್ತಾ ಕೂತರೆ ‘ಡ್ರ್ಯಾಂಕ್ ವೆರಿ ಫಾಸ್ಟ್ಲಿ’ ಅನ್ನುವ ಕಡೆಗೆ ಹೋಗಿ ನಿಲ್ಲುತ್ತೇವೆ, ಅದರಲ್ಲಿ ಇಲ್ಲದ ಪದವೂ ಬಂತು, ಗಟಗಟದ ಸದ್ದೂ ಹೋಯಿತು. ಇಂಗ್ಲಿಷ್ ಈ ರೀತಿಯನ್ನೆಲ್ಲ ಕ್ರಿಯಾಪದದ ಹೊಟ್ಟೆಯೊಳಗೇ ತುಂಬಿಬಿಟ್ಟಿದೆ. ಗಟಗಟ ಕುಡಿದರೆ ಗಲ್ಪ್, ಗಬಗಬ ತಿಂದರೆ ಗಾಬಲ್, ಬಿಕ್ಕಿ ಅತ್ತರೆ ಸಾಬ್, ದಿಟ್ಟಿಸಿದರೆ ಸ್ಟೇರ್, ಇಣುಕಿದರೆ ಪೀಪ್, ಕುಂಟುತ್ತಾ ನಡೆದರೆ ಲಿಂಪ್. ನಮ್ಮಲ್ಲಿ ಎರಡು ಪದ, ಅಲ್ಲಿ ಒಂದು. ಹೀಗಾಗಿ ಅಡ್ವರ್ಬ್ ಪಟ್ಟಿ ಉದ್ದ ಮಾಡುವುದಕ್ಕಿಂತ ಇಂಥ ಕ್ರಿಯಾಪದಗಳನ್ನು ಕನ್ನಡದ ಜೋಡಿಯ ಜೊತೆ ಬರೆದಿಟ್ಟುಕೊಳ್ಳುವುದು ಎಷ್ಟೋ ಲಾಭ.

ಇದರ ಉಲ್ಟಾ ಕೂಡ ನಡೆಯುತ್ತದೆ. ಇಂಗ್ಲಿಷಿಗೆ ಅಡ್ವರ್ಬ್ ಬೇಕೇ ಬೇಕಾದ ಕೆಲವು ಕಡೆ ಕನ್ನಡ ಕ್ರಿಯಾಪದವನ್ನೇ ತುಸು ತಿರುಗಿಸಿ ಕೆಲಸ ಮುಗಿಸುತ್ತದೆ. ‘ಬರ್ತಾನೆ’ ಅನ್ನುವುದಕ್ಕೆ ಅಲ್ಲಿ ‘ಹಿ ವಿಲ್ ಕಮ್’. ‘ಬಂದೇ ಬರ್ತಾನೆ’ ಅಂದರೆ ನಡುವೆ ಒಂದು ‘ಡೆಫಿನೆಟ್ಲಿ’ ಹಾಕಬೇಕು. ‘ಬರ್ತಾನಂತೆ’ ಅಂದಾಗ ಆ ಪುಟ್ಟ ‘ಅಂತೆ’ಗೆ ‘ಅಪ್ಯಾರೆಂಟ್ಲಿ’ ಅನ್ನುವ ಅಷ್ಟುದ್ದದ ಅಡ್ವರ್ಬ್ ಬೇಕಾಗುತ್ತದೆ.