ಇಳಿಸಿದ ಸಾಲ್ಸಾ

ಕಳೆದ ಶ್ರಾವಣದ ಒಂದು ಸಂಜೆ ಅಕ್ಕನ ಮಗ ಹುಬ್ಬಳ್ಳಿಯಿಂದ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಬಂದಿದ್ದ. ಹೊರಗೆ ಜಿಟಿಜಿಟಿ ಮಳೆ. ಮೊಬೈಲನ್ನು ಸ್ಪೀಕರಿಗೆ ಜೋಡಿಸುತ್ತ, "ಮಾಮಾ, ಇದು ಸಾಲ್ಸಾ. ಸೆಕೆಂಡಿಗೆ 440 ಕಂಪನಗಳ ಶ್ರುತಿಯಿಂದ 432ಕ್ಕೆ ಇಳಿಸಿದ್ದಾರೆ. ಕೇಳಿದರೆ ಮನಸ್ಸು ಶಾಂತವಾಗುತ್ತದೆಯಂತೆ" ಎಂದ.

ನನ್ನದು ಇಪ್ಪತ್ತು ವರ್ಷ ತಬಲಾ ನುಡಿಸಿದ ಕೈ. ಕಾಂಗಾ ಎಂಬ ಉದ್ದನೆಯ ಚರ್ಮವಾದ್ಯದ ಪೆಟ್ಟು ಕೇಳಿದ ಕೂಡಲೇ ನೆಟ್ಟಗೆ ಕುಳಿತೆ. ಕ್ಯೂಬಾದ ಬೇರಿನಿಂದ ಚಿಗುರಿ, 1960–70ರ ದಶಕಗಳಲ್ಲಿ ನ್ಯೂಯಾರ್ಕಿನಲ್ಲಿ ಬೆಳೆದ ಸಂಗೀತವಿದು. ನಾಲ್ಕು ಮಾತ್ರೆಗಳ ಎರಡು ವಿಭಾಗಗಳಲ್ಲಿ ಐದು ಪೆಟ್ಟು: ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಕ್ಲಾವೆ ಎಂಬ ಈ ಲೆಕ್ಕದ ಮೇಲೆಯೇ ಪಿಯಾನೊ, ಟ್ರಂಪೆಟ್, ಹಾಡು ಎಲ್ಲವೂ ನಿಲ್ಲುತ್ತವೆ.

ಹಾರ್ಮೋನಿಯಂ ಎಳೆದುಕೊಂಡು ಬಿಳಿ ಆರನ್ನು, ಅಂದರೆ 440ರ ಸ್ವರ ಕೊಡುವ ಆರನೆಯ ಬಿಳಿ ಮನೆಯನ್ನು, ಒತ್ತಿ ಹಿಡಿದೆ. ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಎರಡೂ ಕೂಡದೆ ನಡುಗಿದವು. 440 ಮತ್ತು 432ರ ಅಂತರವಾದ ಎಂಟು ಕಂಪನಗಳೇ ಸೆಕೆಂಡಿಗೆ ಎಂಟು ಸಲದ ಆ ನಡುಕ. ಎಲೆಕ್ಟ್ರಾನಿಕ್ ತಂಬೂರಿಯನ್ನು ಅಷ್ಟೇ ಇಳಿಸಿದಾಗ ಎಲ್ಲವೂ ಸೊಗಸಾಗಿ ಕೂಡಿಕೊಂಡಿತು. 432 ಬೇಸುರವಲ್ಲ. 440 ಕೂಡ 1939ರಲ್ಲಿ ಲಂಡನ್ನಿನಲ್ಲಿ ಸೇರಿದವರು ಒಪ್ಪಿಕೊಂಡ ಒಂದು ಅಳತೆ ಮಾತ್ರ. 1859ರಲ್ಲಿ ಫ್ರಾನ್ಸ್ 435 ಎಂದು ಗೊತ್ತುಪಡಿಸಿತ್ತು. ನಮ್ಮ ಕಡೆಯಂತೂ ಗಾಯಕರಿಗೆ ಒಬ್ಬೊಬ್ಬರಿಗೆ ಒಂದೊಂದು ಷಡ್ಜ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿ ಹಾನಗಲ್ಲರ ದನಿ ಗಡಸಾಯಿತು. ಆ ದನಿಗೆ ಒಪ್ಪುವ ಷಡ್ಜ ಹಿಡಿದೇ ಅವರು ದಶಕಗಳ ಕಾಲ ಹಾಡಿದರು.

ಆದರೆ ನನಗೆ ಶಾಂತಿ ಸಿಗಲಿಲ್ಲ. "ಇಳಿಸದೆ ಇರುವುದನ್ನು ಹಾಕು" ಎಂದೆ. ಎರಡನ್ನೂ ಮೂರು ಮೂರು ಬಾರಿ ಕೇಳಿದೆವು. ಎರಡರ ಅವಧಿಯೂ ಒಂದೇ ಇತ್ತು. ವೇಗ ತಗ್ಗಿಸಿ ಇಳಿಸಿದ್ದರೆ ಐದು ನಿಮಿಷದ ಹಾಡು ಐದಾರು ಸೆಕೆಂಡು ಉದ್ದವಾಗಬೇಕಿತ್ತು. ಇಲ್ಲಿ ಲಯ ಹಾಗೆಯೇ ಇಟ್ಟು ಕಂಪ್ಯೂಟರ್ ಸ್ವರವನ್ನು ಮಾತ್ರ ಎಳೆದಿತ್ತು. ಕಾಂಗಾದ ಪೆಟ್ಟಿನ ಅಂಚು ಒರೆಸಿದಂತಾಗಿತ್ತು, ಗಾಯಕನ ಗಂಟಲು ದಪ್ಪವಾಗಿತ್ತು. ನಾವು ಪಟ್ಟಿಗಳ ಕೆಳಗಿನ ಮರದ ತುಂಡಾದ ಗಟ್ಟಾ ಬಡಿದು ತಬಲಾ ಕೂಡಿಸುವಂತೆ ಕಾಂಗಾದವನೂ ತಿರುಪು ಬಿಗಿದು, ಕಿವಿಗೊಟ್ಟು ತನ್ನ ಚರ್ಮಕ್ಕೆ ಸ್ವರ ಕೊಟ್ಟಿರುತ್ತಾನೆ. ಅವರು ಮೊದಲೇ 432ಕ್ಕೆ ಕೂಡಿಸಿಕೊಂಡು ನುಡಿಸಿದ್ದರೆ ನಾನು ಸಂತೋಷದಿಂದ ಕೇಳುತ್ತಿದ್ದೆ. ನುಡಿಸಿ ಮುಗಿಸಿದವರ ಕೈಯನ್ನು ಆಮೇಲೆ ಹಿಡಿದು ತಗ್ಗಿಸುವುದು ನನ್ನಿಂದ ಸಹಿಸಲಾಗದು.

ಮೂಲವನ್ನೇ ಮತ್ತೆ ಹಾಕಿಸಿದೆ. ಮಳೆಯ ತಂಪಿಗೆ ತಬಲಾ ಇಳಿದಿತ್ತು. ಸುತ್ತಿಗೆ ತೆಗೆದುಕೊಂಡು ಹಾಡಿನ ಸ್ವರಕ್ಕೆ ಏರಿಸತೊಡಗಿದೆ. ಅಳಿಯ ಎರಡು ಪೆನ್ಸಿಲ್ ಹಿಡಿದು ಮೂರು, ಎರಡು ಎಂದು ಮೇಜಿನ ಮೇಲೆ ಬಡಿಯುತ್ತಿದ್ದ.